ಏರಿನಲ್ಲಿ ನಿಲ್ಲುವ ಕುರ್ಚಿ

ನಾನು ಕೂತು ಓಡಾಡುವ ಬ್ಯಾಟರಿ ಕುರ್ಚಿ ತೀರಿಹೋದ ಒಬ್ಬರದಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅವ್ವಿಯೂ ಮನೆಗೆ ಯಾರು ಬಂದರೂ ಇದನ್ನೇ ಮೊದಲು ಹೇಳುತ್ತಿದ್ದಳು. ಚಾ ಕುಡಿಯುತ್ತೀರಾ ಎಂದು ಕೇಳುವುದಕ್ಕೂ ಮುಂಚೆ, "ಅದು ಭಟ್ಕಳದ ಅಮ್ಮನ ಕುರ್ಚಿ, ಒಂಚೂರು ಆಚೆ ಕೂತ್ಕಳಿ" ಎನ್ನುವಳು. ಬಂದವರು ದಿಗಿಲುಬಿದ್ದು ಸರಿದು ಕೂರುವರು. ನನ್ನನ್ನು ಮಾತಾಡಿಸುವುದು ಬಿಟ್ಟು ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ಇಣುಕುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊನ್ನಾವರದ ಬಂದರು ರಸ್ತೆಯಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನಂಥವರಿಗೆ ಸರ್ಕಾರ ಕೊಡುತ್ತಿದ್ದ ದೊಡ್ಡ ವರ ಅದು. ಹಳದಿ ಬೋರ್ಡು, ಗಾಜಿನ ಪೆಟ್ಟಿಗೆ, ಒಳಗೊಂದು ಸಣ್ಣ ಫ್ಯಾನು. ಬೋಟಿನವರು ಮಲ್ಪೆಗೂ ರತ್ನಾಗಿರಿಗೂ ಫೋನು ಮಾಡಿ ಮೀನಿನ ದರ ಕೇಳುತ್ತಿದ್ದರು. ಗಂಡ ಗಲ್ಫಿನಲ್ಲಿದ್ದ ಹೆಂಗಸರು ಗಾಜಿನೊಳಗೆ ನಿಂತು ಅಳುತ್ತಿದ್ದರು. ನನ್ನ ಎರಡೂ ಕಾಲು ಪೋಲಿಯೊದಲ್ಲಿ ಹೋದದ್ದು ಹುಟ್ಟಿ ಎರಡು ವರ್ಷ ತುಂಬುವ ಮೊದಲು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವಿ ಬುಟ್ಟಿ ತುಂಬಿಕೊಂಡು ಬಸ್ಸು ಹತ್ತಿ ಇಡಗುಂಜಿ ದಾರಿಯ ಊರುಗಳಲ್ಲಿ ಮೀನು ಮಾರಿ ನನ್ನನ್ನು ಬೆಳೆಸಿದಳು. ಬೂತ್ ಬಂದ ಮೇಲೂ ಬುಟ್ಟಿ ಇಳಿಸಲಿಲ್ಲ. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂದು ನನಗೇ ಬುದ್ಧಿ ಹೇಳುವಳು. ನಾನು ಕೂತೇ ದುಡಿಯುವವಳು ಎಂಬುದು ಅವಳಿಗೆ ನೆನಪಿರುತ್ತಿರಲಿಲ್ಲ.

ಆ ಕುರ್ಚಿಗಾಗಿ ಮೊದಲ ಫೋನು ಹೋದದ್ದು ನನ್ನ ಬೂತ್‌ನಿಂದಲೇ. ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿ ಹೊನ್ನಾವರದ ಅಂಗಡಿಗಳಿಗೆ ಮಾಲು ಹಾಕಲು ಬರುತ್ತಿದ್ದವರು, ದುಬೈಯಲ್ಲಿದ್ದ ತಮ್ಮನ ಹತ್ತಿರ ನನ್ನ ಬೂತ್‌ನಿಂದ ಮಾತಾಡುತ್ತಿದ್ದರು. ಅವರ ಮನೆಮಾತು ನವಾಯತಿ, ನಮ್ಮ ನೆರೆಯವರ ಕೊಂಕಣಿಗೆ ಹತ್ತಿರ. ಅರ್ಧ ಕಿವಿಗೆ ತಿಳಿಯುತ್ತಿತ್ತು, ಇನ್ನರ್ಧ ಗಾಜಿನಾಚೆಯ ಮುಖ ನೋಡಿ ತಿಳಿಯುತ್ತಿತ್ತು. ಅಮ್ಮನಿಗೆ ನಡೆಯಲಾಗುತ್ತಿಲ್ಲ, ಅಲ್ಲಿ ಬ್ಯಾಟರಿಯಲ್ಲಿ ಓಡುವ ಕುರ್ಚಿ ಸಿಗುತ್ತದಂತೆ, ಕಳಿಸು ಎಂದರು. ಕುರ್ಚಿ ಬಂತು. ಕೆಲವು ತಿಂಗಳು ಕಳೆದು ಅದೇ ಗಾಜಿನೊಳಗೆ ನಿಂತು, ಅಮ್ಮ ಹೋದರು ಎಂದು ತಮ್ಮನಿಗೆ ಹೇಳಿದರು. ಆಮೇಲೆ ಹೊರಗೆ ಬಂದು ಬಹಳ ಹೊತ್ತು ನನ್ನ ಮೂರು ಗಾಲಿಯ ಕೈಸೈಕಲ್ಲನ್ನೇ ನೋಡುತ್ತ ನಿಂತಿದ್ದರು.

ಮುಂದಿನ ಸಲ ಬಂದಾಗ ಟೆಂಪೊದಲ್ಲಿ ಕುರ್ಚಿ ತಂದಿದ್ದರು. "ಅಮ್ಮನ ಹೆಸರಲ್ಲಿ ಕೊಡ್ತಾ ಇದ್ದೇವೆ ತಂಗಿ. ಬೇಡ ಅನ್ಬೇಡಿ," ಎಂದರು. ನಾನೇಕೆ ಬೇಡ ಅನ್ನಲಿ? ಕೈಸೈಕಲ್ಲಿನ ಪೆಡಲು ತಿರುಗಿಸಿ ತಿರುಗಿಸಿ ನನ್ನ ಹೆಗಲು ಗಂಡಸರ ಹೆಗಲಿನಂತಾಗಿತ್ತು. ಆ ಕುರ್ಚಿಯ ಸಣ್ಣ ಹಿಡಿಯನ್ನು ಎರಡು ಬೆರಳಲ್ಲಿ ಮುಂದೆ ಒತ್ತಿದರೆ ಸಾಕು, ಹೋಗುತ್ತದೆ. ಕೈ ಬಿಟ್ಟರೆ ನಿಲ್ಲುತ್ತದೆ. ಕುಂಟನಿಗೆ ಎಂಟು ಚೇಷ್ಟೆ ಎಂದು ಊರವರು ಗಾದೆ ಹೇಳುತ್ತಾರಲ್ಲ, ಆವತ್ತು ಬಂದರು ರಸ್ತೆಯಲ್ಲಿ ನಾನು ಎಂಟಲ್ಲ, ಹದಿನೆಂಟು ಚೇಷ್ಟೆ ಮಾಡಿದೆ.

ಆದರೆ ಅವ್ವಿ ಕುರ್ಚಿಯನ್ನು ಹೊಸ್ತಿಲೊಳಗೆ ತರಲು ಬಿಡಲಿಲ್ಲ. ಸತ್ತವರು ಕೂತದ್ದರಲ್ಲಿ ಅವರನ್ನು ಕೇಳದೆ ಕೂರಬಾರದು ಎಂಬುದು ಅವಳ ಹಟ. ಕೊನೆಗೆ ದಾರಿಯನ್ನೂ ಅವಳೇ ಕಂಡುಹಿಡಿದಳು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುತ್ತಾರೆ. ಈ ಅಮ್ಮನಿಗೂ ಒಂದು ಎಡೆ ಇಟ್ಟರೆ ಆಯಿತು. ಅವರಿಗೆ ಎಂತ ಇಷ್ಟ ಎಂದು ಕೇಳಲು ನನ್ನ ಕೈಯಲ್ಲಿ ಭಟ್ಕಳಕ್ಕೆ ಫೋನು ಮಾಡಿಸಿದಳು. ನಾಚಿಕೆಯಿಂದ ಸಾಯುವಂತಾಯಿತು. ಆ ಮನೆಯ ಸೊಸೆ ಫೋನೆತ್ತಿದಳು. ವಿಷಯ ಹೇಳಿದೆ.

"ಶಾವಿಗೆ," ಎಂದಳು. "ಮತ್ತೆ ಚಾ. ಸಕ್ಕರೆ ಜಾಸ್ತಿ ಹಾಕಿ ಅಕ್ಕಾ. ಸಕ್ಕರೆ ಕಾಯಿಲೆ ಅಂತ ನಾವು ಕೊಡ್ತಾ ಇರ್ಲಿಲ್ಲ." ಅಷ್ಟು ಹೇಳಿ ಅಳತೊಡಗಿದಳು.

ಅವ್ವಿ ಅಂಗಳದಲ್ಲಿ ಕುರ್ಚಿಯ ಮುಂದೆ ಬಾಳೆಲೆ ಹಾಕಿ ಶಾವಿಗೆ ಬಡಿಸಿದಳು. ಪಕ್ಕದಲ್ಲಿ ಸಕ್ಕರೆ ಸುರಿದ ಚಾ. ಕೈಮುಗಿದು ಹೇಳಿದಳು: "ಅಮ್ಮಾ, ನಿಮ್ ಕುರ್ಚೀಲಿ ನನ್ ಮಗಳು ಕೂರ್ತದೆ. ಸಿಟ್ ಮಾಡ್ಬೇಡಿ. ಅದಕ್ಕೆ ನಾ ಬಿಟ್ರೆ ಯಾರೂ ಇಲ್ಲ. ನೀವೂ ಜೊತೀಗೆ ಕೂತ್ಕಳಿ."

ಕೇಳಿದಿರಲ್ಲ? ಹೋಗಿ ಎನ್ನಬೇಕಾದಲ್ಲಿ ಕೂತ್ಕಳಿ ಅಂದಳು. ಅಂದಿನಿಂದ ಅವಳ ಲೆಕ್ಕದಲ್ಲಿ ಕುರ್ಚಿಯಲ್ಲಿ ಇಬ್ಬರು.

ಬಂದರಿನಿಂದ ನಮ್ಮ ಕೇರಿಗೆ ಬರುವ ದಾರಿಯಲ್ಲಿ ಐಸ್ ಫ್ಯಾಕ್ಟರಿಯ ಪಕ್ಕ ಒಂದು ಏರು ಇದೆ. ನಡೆಯುವವರಿಗೆ ಅದು ಏರು ಎಂದೇ ಗೊತ್ತಾಗುವುದಿಲ್ಲ. ಕುರ್ಚಿಯ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಎರಡು ಸೀಸದ ಬ್ಯಾಟರಿಗಳಿದ್ದವು, ಒಂದೊಂದೂ ಒರಳುಕಲ್ಲಿನಷ್ಟು ಭಾರ. ಮೊದಲ ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ, ಬೂತ್ ಮುಚ್ಚಿ ಸಂಜೆ ಬರುವಾಗ ಆ ಏರಿನಲ್ಲಿ ಮೋಟರಿನ ಸ್ವರ ಇಳಿಯತೊಡಗಿತು. ಹಸಿರು ದೀಪ ಹೋಗಿ ಹಳದಿ, ಹಳದಿ ಹೋಗಿ ಕೆಂಪು. ಏರಿನ ನಡುವೆ, ಮೋರಿಯ ಕಟ್ಟೆ ಇರುವಲ್ಲಿ, ಕುರ್ಚಿ ನಿಂತುಬಿಡುತ್ತಿತ್ತು. ಬ್ಯಾಟರಿ ಬದಲಿಸಿದರೂ ಕೆಲವು ತಿಂಗಳಿಗೆ ಮತ್ತೆ ಅದೇ ಜಾಗ, ಅದೇ ಕಟ್ಟೆ. ದಿನದ ಕೊನೆ, ಖಾಲಿಯಾದ ಬ್ಯಾಟರಿ, ಎದುರಿಗೆ ಏರು. ಇದರಲ್ಲಿ ದೆವ್ವದ ಕೆಲಸ ಏನೂ ಇಲ್ಲ.

ಐಸ್ ಫ್ಯಾಕ್ಟರಿಯ ಸದ್ದಿನ ನಡುವೆಯೂ ಅವ್ವಿಗೆ ಮಾತ್ರ ಮನೆಯೊಳಗಿದ್ದೇ ಮೋಟರಿನ ಸ್ವರ ಕೇಳುತ್ತಿತ್ತು. ಸ್ವರ ಇಳಿದ ಕೂಡಲೇ ಹೊರಟು ಬರುವಳು. ಗಾಲಿಯನ್ನು ಮೋಟರಿಗೆ ಸಿಕ್ಕಿಸುವ ಕೊಕ್ಕೆ ಬಿಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳುವಳು.

"ನೀ ಸುಮ್ಗೆ ಕೂತ್ಕ ಮಗಾ. ನಾ ದೂಡ್ತೆ. ಅಮ್ಮಂಗೆ ಸುಸ್ತಾಗ್ಯದೆ. ಇಬ್ರ ಭಾರ ಅಲ್ವನಾ?"

ತಳ್ಳುತ್ತ ಮಾತಾಡುತ್ತಿದ್ದಳು. ಆದರೆ ನನ್ನ ಹತ್ತಿರ ಅಲ್ಲ. ಇವತ್ತು ಬಂಗಡೆ ಕಮ್ಮಿ, ಬಸ್ಸಿನಲ್ಲಿ ಜಾಗ ಇರಲಿಲ್ಲ, ಮಂಡಿ ನೋವು ಅಂತೆಲ್ಲ ಮೆಲ್ಲಗೆ ಹೇಳಿ, ಉತ್ತರಕ್ಕೆ ಕಾಯುವವಳಂತೆ ತಡೆದು, ಹೂಂ ಎನ್ನುವಳು. ಮುಂದೆ ಕೂತ ನಾನು ಹಿಂತಿರುಗಿ ನೋಡುತ್ತಿರಲಿಲ್ಲ. ನನಗೆ ಭೂತಪ್ರೇತದಲ್ಲಿ ನಂಬಿಕೆ ಇಲ್ಲ. ಆದರೂ ಬಿಸಿಲಿನ ದಿನ ಸೀಟು ಕಾದಾಗ ಒಳಗಿನಿಂದ ಅತ್ತರಿನ ಸಣ್ಣ ವಾಸನೆ ಬರುತ್ತಿತ್ತು. ಅದು ಆ ಅಮ್ಮನ ಬಟ್ಟೆಯಿಂದ ಸ್ಪಂಜಿಗೆ ಇಳಿದದ್ದು, ಅಷ್ಟೇ. ಅದನ್ನು ಮಾತ್ರ ನಾನು ಅವ್ವಿಗೆ ಹೇಳಲಿಲ್ಲ.

ಹೀಗೇ ವರ್ಷಗಳು ಹೋದವು. ಊರವರ ಕೈಗೆಲ್ಲ ಮೊಬೈಲು ಬಂದು ನನ್ನ ಗಾಜಿನ ಪೆಟ್ಟಿಗೆ ಖಾಲಿಯಾಯಿತು. ಅದರಲ್ಲೇ ರೀಚಾರ್ಜ್ ಕೂಪನ್ನು, ಬಿಸ್ಕೆಟ್ಟು ಇಟ್ಟುಕೊಂಡೆ. ಅವ್ವಿಗೆ ಮಾತಾಡುವಾಗಲೂ ಏದುಸಿರು ಬರತೊಡಗಿತು. ಕುಮಟಾದ ಡಾಕ್ಟರು ಎದೆಯ ಪರೀಕ್ಷೆ ಮಾಡಿ, ಭಾರ ಎತ್ತಬೇಡಿ, ಏನನ್ನೂ ತಳ್ಳಬೇಡಿ ಎಂದರು. ಅವ್ವಿ ಬುಟ್ಟಿ ಬಿಟ್ಟಳು. ಕುರ್ಚಿ ತಳ್ಳುವುದನ್ನು ಬಿಡಲಿಲ್ಲ. ಬರಬೇಡ ಎಂದು ಬೈದೆ. ಕೈಸೈಕಲ್ಲಿಗೇ ವಾಪಸು ಹೋಗುತ್ತೇನೆ ಎಂದು ಹೆದರಿಸಿದೆ. ಕಿವುಡು ನಟಿಸಿದಳು. ಕಟ್ಟೆಯ ಹತ್ತಿರ ಅವಳ ಉಸಿರು ನನ್ನ ಕುತ್ತಿಗೆಯ ಹಿಂದೆ ಸಿಳ್ಳೆ ಹೊಡೆಯುವುದು ಕೇಳುತ್ತಿತ್ತು. ಅವ್ವಿ ಬಾರದೆ ಆ ಏರು ಹತ್ತಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ. ಇಲ್ಲದಿದ್ದರೆ ಒಂದು ದಿನ ಅವಳು ನನ್ನ ಬೆನ್ನ ಹಿಂದೆಯೇ ಬೀಳುತ್ತಾಳೆ, ನಾನು ಇಳಿದು ಎತ್ತಲಾರೆ.

ಆ ಹೊತ್ತಿಗೆ ದುಬೈಯ ತಮ್ಮ ರಜೆಯಲ್ಲಿ ಬಂದರು. ಅಣ್ಣನ ಜೊತೆ ಬೂತ್‌ಗೆ ಬಂದವರು ಕುರ್ಚಿಯ ತೋಳನ್ನು ಮುಟ್ಟಿ ನೋಡಿದರು. ಅಲ್ಲಿ ರೆಕ್ಸಿನ್ ಸ್ವಲ್ಪ ಕಿತ್ತಿತ್ತು. "ಅಮ್ಮ ಉಗುರಲ್ಲಿ ಕೀಳ್ತಿದ್ರು," ಎಂದರು. ಅವರದು ಅಲ್ಲಿ ಗೋದಾಮಿನ ಬ್ಯಾಟರಿ ಗಾಡಿಗಳ ಕೆಲಸ. ಈಗ ಲಿಥಿಯಂ ಅಂತ ಹೊಸ ಜಾತಿಯ ಬ್ಯಾಟರಿ ಬಂದಿದೆ, ಹಗುರ, ತುಂಬ ದೂರ ಹೋಗುತ್ತದೆ, ಕಳಿಸುತ್ತೇನೆ ಎಂದರು. ಗಲ್ಫಿನವರ ಮಾತು, ನಾನು ಮರೆತೇಬಿಟ್ಟೆ. ಆದರೆ ಅವರು ಮರೆಯಲಿಲ್ಲ. ಯಾರದೋ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಅದು ಬಂದೇಬಂತು, ಜೊತೆಗೆ ಅದರದೇ ಚಾರ್ಜರು.

ಹಾಕಿಸಲು ಟೆಂಪೊದಲ್ಲಿ ಕುರ್ಚಿ ಏರಿಸಿಕೊಂಡು ಭಟ್ಕಳಕ್ಕೆ ಹೋದೆ. ಹೆದ್ದಾರಿಯ ಬದಿಯಲ್ಲಿ ಆಟೊಗಳಿಗೂ ಬೋಟುಗಳಿಗೂ ಬ್ಯಾಟರಿ ಹಾಕುವವನ ಅಂಗಡಿ. ಬಾಯಿ ಜೋರು, ಕೈಯೂ ಪರವಾಗಿಲ್ಲ. ಹೊಸದನ್ನು ಒಂದೇ ಕೈಯಲ್ಲಿ ಎತ್ತಿ, "ಅರೆ, ಇದರೊಳಗೆ ಎಂತ ಹತ್ತಿ ತುಂಬಿದ್ದಾರಾ?" ಎಂದ. ಅದರ ಕಾಗದವನ್ನೆಲ್ಲ ಓದಿ ನನಗೆ ಪಾಠ ಮಾಡಿದ.

"ನೋಡಿ ಅಕ್ಕಾ, ಹಳೇದು ಸಾಯುವಾಗ ಹೇಳಿ ಸಾಯ್ತದೆ. ನಿಧಾನ ಆಗ್ತದೆ, ಅಳ್ತದೆ. ಇದು ಹಾಗಲ್ಲ. ಕೊನೆವರೆಗೂ ಒಂದೇ ದಮ್ಮು. ಒಳಗೆ ಒಂದು ಕಾವಲು ಉಂಟು. ತುಂಬ ಬಿಸಿ ಆಯ್ತು, ಪೂರಾ ಖಾಲಿ ಆಯ್ತು ಅಂದ್ರೆ ಕಾವಲೇ ಕಟ್ ಮಾಡ್ತದೆ. ಆಗ ಮಾತ್ರ ಕುರ್ಚಿ ಒಂದ್ಸಲಕ್ಕೇ ನಿಲ್ತದೆ."

ಎರಡು ಹಳೆಯವು ಕೂತಿದ್ದ ಪೆಟ್ಟಿಗೆಯಲ್ಲಿ ಹೊಸದು ಒಂದು ಮೂಲೆಗೆ ಆಯಿತು. ಉಳಿದ ಜಾಗಕ್ಕೆ ಅಲ್ಲಲ್ಲಿ ಥರ್ಮೋಕೋಲ್ ತುಂಡು ಸಿಕ್ಕಿಸಿ ಮುಚ್ಚಳ ಹಾಕಿದ. ಮನಸ್ಸಿನಲ್ಲೇ ನಾನು ಆಗಲೇ ಏರು ಹತ್ತಿಯಾಗಿತ್ತು.

ಆ ಸಂಜೆ ಅವ್ವಿ ಮೊದಲೇ ಕಟ್ಟೆಯ ಹತ್ತಿರ ಬಂದು ನಿಂತಿದ್ದಳು. ಟೆಂಪೊದಿಂದ ಬಂದರಿನಲ್ಲೇ ಇಳಿದು ನಾನು ಹಿಡಿ ಒತ್ತಿಕೊಂಡೇ ಬಂದೆ. ಸ್ವರ ಇಳಿಯಲಿಲ್ಲ, ದೀಪ ಹಸಿರೇ ಇತ್ತು. ಅವ್ವಿಯನ್ನು ದಾಟಿ ಏರಿನ ತುದಿಗೆ ಹೋಗಿ ತಿರುಗಿ ನಿಂತು, "ನೋಡಿದ್ಯಾ?" ಎಂದು ಕೂಗಿದೆ. ಅಷ್ಟು ಸಂತೋಷ ನನಗೆ ಬೂತ್ ಸಿಕ್ಕ ದಿನವೂ ಆಗಿರಲಿಲ್ಲ. ಅವಳು ತಳ್ಳಲು ಮುಂದೆ ಮಾಡಿದ್ದ ಎರಡೂ ಕೈಗಳನ್ನು ಹಾಗೇ ಹಿಡಿದುಕೊಂಡು ಕೆಳಗೆ ನಿಂತಿದ್ದಳು.

ಅಂಗಳದಲ್ಲಿ ಅವಳೇ ಕೊಕ್ಕೆ ಬಿಡಿಸಿ ಕುರ್ಚಿಯನ್ನು ಒಂದು ಮಾರು ತಳ್ಳಿ ನೋಡಿದಳು. ಮತ್ತೆ ಹಿಂದಕ್ಕೆ ಎಳೆದಳು. ಅವಳ ಮುಖ ಬಾಡಿತು.

"ಹಗುರ ಆಗ್ಯದೆ," ಎಂದಳು. "ಅವ್ರು ಇಳ್ದ್ ಹೋದ್ರು."

"ಸೀಸ ಇಳಿಯಿತು ಅವ್ವಿ. ಹಳೇ ಬ್ಯಾಟ್ರಿ ಭಾರ ಅದು. ಯಾವ ಅಮ್ಮನೂ ಇಲ್ಲ, ಗುಮ್ಮನೂ ಇಲ್ಲ."

"ನಿಂಗೆ ಗೊತ್ತಾಗೂಕಿಲ್ಲ. ದೂಡಿದ್ದು ನಾನು." ಕೊಕ್ಕೆ ಸಿಕ್ಕಿಸುತ್ತ ಕೇಳಿದಳು: "ನಾ ಹೋದ್ಮೇಲೆ ನಿನ್ ಜೊತೀಗೆ ಯಾರೇ ಇರ್ತಾರೆ? ಅದ್ಕೇ ಅಲ್ವನೇ ನಾ ಅವ್ರಿಗೆ ಕೂತ್ಕಳಿ ಅಂದದ್ದು?"

ನನಗೆ ಸಿಟ್ಟು ಬಂತು. ಯಾರೂ ಬೇಡ, ನನ್ನ ಪಾಡಿಗೆ ನಾನಿರುತ್ತೇನೆ ಎಂದೆ. ಅವಳಿಗೆ ಭಯವಾಗಿತ್ತು. ಅದನ್ನು ಕಂಡು ನನಗೂ ಭಯವಾಗಿತ್ತು. ಭಯವಾದಾಗ ಜಗಳಾಡುವುದೊಂದೇ ನಮ್ಮಿಬ್ಬರಿಗೂ ಬರುತ್ತಿದ್ದ ವಿದ್ಯೆ. ಆ ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಒಂದು ದಿನ ಅವಳ ಸಮಾಧಾನಕ್ಕೆಂದು ಪೆಟ್ಟಿಗೆಯ ಮುಚ್ಚಳ ತೆಗೆಸಿ ಬ್ಯಾಟರಿ ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದಳು. "ಇಷ್ಟು ಸಣ್ಣದಾ? ಬಾಳಂತಿ ಮಗ್ಗುಲಿನ ಕೂಸಿನ ಹಾಂಗೆ ಅದೆ," ಎಂದಳು. ಥರ್ಮೋಕೋಲ್ ತುಂಡನ್ನು ಬೆರಳಿಂದ ಒತ್ತಿದಾಗ ಅದು ಕಿರ್ರೆಂದಿತು. "ದಾರೀಲಿ ಕುಲುಕ್ತದೆ, ಪಾಪ." ಅಷ್ಟರಲ್ಲಿ ಯಾರೋ ಕೂಪನ್ ಕೇಳಿಕೊಂಡು ಮನೆಗೇ ಬಂದರು. ನಾನು ಆ ಕಡೆ ತಿರುಗಿದೆ. ಮುಚ್ಚಳ ಹಾಕಿದ್ದು ಅವ್ವಿ.

ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದಂತೆ ಹೊಸ ಬ್ಯಾಟರಿಯೂ ಸ್ವಲ್ಪ ದಿನದ ಶೂರ ಎಂದು ತಿಳಿದದ್ದು ಬೇಸಿಗೆ ಏರಿದಾಗ. ಒಂದು ಸಂಜೆ ಅದೇ ಏರಿನಲ್ಲಿ, ಅದೇ ಕಟ್ಟೆಯ ಹತ್ತಿರ, ಕುರ್ಚಿ ನಿಂತುಬಿಟ್ಟಿತು. ಸ್ವರ ಇಳಿಯಲಿಲ್ಲ, ಹಳದಿ ಕೆಂಪು ಏನೂ ಇಲ್ಲ. ಹಸಿರು ದೀಪ ಉರಿಯುತ್ತಿದ್ದದ್ದು ಪಟ್ಟನೆ ಆರಿತು, ಅಷ್ಟೇ. ಸದ್ದೇ ಇಲ್ಲದಿದ್ದ ಮೇಲೆ ಅವ್ವಿಗೆ ತಿಳಿಯುವುದು ಹೇಗೆ, ಯಾರನ್ನು ಕೂಗಲಿ ಎಂದುಕೊಳ್ಳುವಷ್ಟರಲ್ಲಿ ಅವಳು ಮೋರಿಯ ಕಟ್ಟೆಯಿಂದ ಎದ್ದು ಬಂದಳು. ಏರು ಹತ್ತಲು ಅವಳ ಅಗತ್ಯವಿಲ್ಲ ಎಂದಾದ ಮೇಲೂ ಪ್ರತಿ ಸಂಜೆ ಬಂದು ಕತ್ತಲ ಬದಿಯಲ್ಲಿ ಕೂತಿರುತ್ತಿದ್ದಳಂತೆ. ನಾನು ದಾಟಿದ ಮೇಲೆ ಹಿಂದಿನಿಂದ ಬರುತ್ತಿದ್ದಳಂತೆ.

"ಅಮ್ಮ ಬಂದ್ರು!" ಎಂದಳು. ಆ ಮುಖದ ಬೆಳಕನ್ನು ಹೇಗೆ ಹೇಳಲಿ. "ನಾ ಹೇಳ್ಲಿಲ್ವನಾ, ಬತ್ರು ಅಂತ?"

ತಳ್ಳಲು ಬಂದವಳನ್ನು ತಡೆದೆ. ಕಟ್ಟೆಯ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಕುರ್ಚಿ ತನ್ನಷ್ಟಕ್ಕೇ ಜೀವ ತಳೆದು ಏರು ಹತ್ತಿತು. ಅಂದಿನಿಂದ ಬಿಸಿಲು ಜೋರಿದ್ದ ದಿನವೆಲ್ಲ ಹೀಗೇ. ಭಟ್ಕಳದವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು, "ಬ್ಯಾಟರಿ ಸರಿ ಉಂಟು ಅಕ್ಕಾ, ನೀವು ಚಾರ್ಜ್ ಮಾಡುವ ಕ್ರಮ ಸರಿ ಇಲ್ಲ," ಎಂದು ನನ್ನ ಮೇಲೇ ಹಾಕಿದ.

ನಿಜ ಹೇಳಬೇಕೆಂದರೆ ಆ ಬೇಸಿಗೆಯ ಸಂಜೆಗಳು ನನ್ನ ಜೀವನದ ಒಳ್ಳೆಯ ಸಂಜೆಗಳು. ಮಾಡಲು ಕೆಲಸವಿಲ್ಲದೆ ನಾವಿಬ್ಬರೂ ಎದುರುಬದುರು ಕೂತದ್ದು ಅಲ್ಲಿಯೇ. ಐಸ್ ಫ್ಯಾಕ್ಟರಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅವ್ವಿ ಕಾಲು ಚಾಚಿ, ಮಂಡಿ ಒತ್ತಿಕೊಳ್ಳುತ್ತ ಹಳೆಯದೆಲ್ಲ ಹೇಳುವಳು. ತಿರುಗಿ ತಿರುಗಿ ಒಂದೇ ಕಡೆಗೆ ಬರುವಳು.

"ಮೈ ಕೆಂಡದ ಹಾಂಗೆ ಸುಡ್ತಿತ್ತು ನಿಂದು. ಗಾಳಿ ತಾಗೂದು ಬೇಡ ಅಂತ ನನ್ ಹಳೇ ಸೀರೇಲಿ ಬಿಗಿ ಸುತ್ತಿ ಮಗ್ಗುಲಲ್ಲಿ ಮಲಗ್ಸ್ಕಂಡಿದ್ದೆ. ಕುಮಟಾಕ್ಕೆ ತಕಂಡೋದ್ರೆ ಡಾಕ್ಟ್ರು ಬೈದ್ರು. ಎಂತಕ್ಕೆ ಹಿಂಗೆ ಸುತ್ತಿದ್ಯೆ, ಬಿಚ್ಚು, ಬಿಸಿ ಹೊರಗೆ ಹೋಗ್ಬೇಕು ಅಂದ್ರು. ಬಿಚ್ದಾಗ ನಿನ್ ಕಾಲು ಅಲ್ಲಾಡ್ಲೇ ಇಲ್ಲ."

"ಅದು ರೋಗ ಅವ್ವಿ. ಸೀರೆಗೂ ಅದಕ್ಕೂ ಎಂತ ಸಂಬಂಧ?" ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.

ಹೂಂ ಎನ್ನುವಳು. ನಂಬುತ್ತಿರಲಿಲ್ಲ. ಹುಟ್ಟಿದ ಮಗುವನ್ನು ಮೊದಲು ಅಜ್ಜಿಯದೋ ತಾಯಿಯದೋ ಹಳೆಯ ಸೀರೆಯಲ್ಲೇ ಸುತ್ತುವುದು ನಮ್ಮಲ್ಲಿ. ಅದಕ್ಕಿಂತ ಮೆತ್ತಗಿನ ಬಟ್ಟೆ ಲೋಕದಲ್ಲಿಲ್ಲ. ಅದೇ ಬಟ್ಟೆ ತನ್ನ ಮಗಳ ಕಾಲು ಕೊಂದಿತೆಂದು ಅಂದುಕೊಂಡೇ ಅವಳು ಅಷ್ಟು ವರ್ಷ ಬದುಕಿದಳು. ಭಟ್ಕಳದ ಅಮ್ಮನಿಗಿಂತ ದೊಡ್ಡ ದೆವ್ವ ನಮ್ಮ ಮನೆಯಲ್ಲಿ ಅದು.

ಮಳೆಗಾಲ ಹಿಡಿದ ಮೇಲೆ ಅವ್ವಿ ಹೋದಳು. ಕುಮಟಾದ ಆಸ್ಪತ್ರೆಯಲ್ಲಿ, ನನ್ನ ಕೈ ಹಿಡಿದುಕೊಂಡೇ. ನನ್ನ ಕುರ್ಚಿ ಮಂಚದ ಹತ್ತಿರ ಹಿಡಿಸದೆ, ಕೈ ನೀಡಲು ನಾನು ಓರೆಯಾಗಿ ಬಗ್ಗಿ ಕೂತಿರಬೇಕಾಗಿತ್ತು. ಕ್ರಿಯೆಯ ದಿನ ನೆಂಟರು ಅವಳ ಬಟ್ಟೆಗಳನ್ನೆಲ್ಲ ಕಟ್ಟಿ ಒಯ್ದರು. ಹಾಗೇ ಮಾಡುವುದು ಕ್ರಮ. ಒಂದು ಸೀರೆ ಇರಲಿ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಗಂಟು ಅಂಗಳ ದಾಟಿತ್ತು. ಓಡಿಹೋಗಿ ತಡೆಯುವ ಕಾಲು ನನಗಿರಲಿಲ್ಲ.

ಮಳೆಗಾಲ ಪೂರ್ತಿ ಕುರ್ಚಿ ಒಂದು ದಿನವೂ ನಿಲ್ಲಲಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಮತ್ತೆ ನಿಲ್ಲತೊಡಗಿತು, ಅಲ್ಲಿಯೇ. ಈಗ ಕಟ್ಟೆ ಖಾಲಿ. ಕೂಗಿದರೆ ಐಸ್ ಫ್ಯಾಕ್ಟರಿಯ ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳದು. ಮೊದಲ ಸಲ ಹಾಗೆ ಒಬ್ಬಳೇ ಸಿಕ್ಕಿಬಿದ್ದ ಸಂಜೆ, ಸೀಟಿನ ಬಿಸಿಯ ಜೊತೆ ಅತ್ತರಿನ ವಾಸನೆ ಬಂತು. ಅದು ಹಳೆಯ ಪರಿಚಯ, ಹೆದರಲಿಲ್ಲ. ಆದರೆ ಅದರ ಹಿಂದೆ ಇನ್ನೊಂದು ವಾಸನೆ ಬಂತು. ಕೊಬ್ಬರಿ ಎಣ್ಣೆ, ಒಲೆಯ ಹೊಗೆ, ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ. ಅವ್ವಿಯ ಮಗ್ಗುಲಿನ ವಾಸನೆ. ಉಸಿರು ಹಿಡಿದು ಕೂತೆ. ಕುರ್ಚಿ ತಣಿದು ಹೊರಟಾಗ ವಾಸನೆಯೂ ಹೋಯಿತು.

ಮರುದಿನವೂ ಬಂತು. ನನಗೆ ಹುಚ್ಚು ಹಿಡಿಯುತ್ತಿದೆಯೇ ಎಂದು ಹೆದರಿದೆ. ಜೊತೆಗೆ, ಸುಳ್ಳೇಕೆ, ಸಂಜೆಯಾಗುವುದನ್ನೇ ಕಾಯತೊಡಗಿದೆ. ಬಿಸಿಲು ಕಡಿಮೆಯಿದ್ದ ದಿನ ಕುರ್ಚಿ ನಿಲ್ಲದೆ ಮನೆ ಮುಟ್ಟಿದರೆ ಅಳು ಬರುತ್ತಿತ್ತು. ಆದರೆ ಒಂದು ಸಂಜೆ ಮೀನಿನ ಲಾರಿಯೊಂದು ಹಿಂದಕ್ಕೆ ಬರುತ್ತ ನನ್ನನ್ನು ಕಾಣದೆ ಗಾಲಿಗೆ ತಾಗುವಷ್ಟು ಹತ್ತಿರ ಬಂತು. ಡ್ರೈವರನ ಜೊತೆಗಾರ ಕಿರುಚಿದ್ದರಿಂದ ಉಳಿದೆ. ಇನ್ನು ಹೀಗೆ ಆಗದು ಎಂದು ಮರುದಿನವೇ ಭಟ್ಕಳಕ್ಕೆ ಹೋದೆ.

ಅಂಗಡಿಯವನು ನನ್ನನ್ನು ಪ್ಲಾಸ್ಟಿಕ್ ಕುರ್ಚಿಗೆ ದಾಟಿಸಿ ಪೆಟ್ಟಿಗೆಯ ಮುಚ್ಚಳ ತೆಗೆದ. "ಇದೆಂತದು ಅಕ್ಕಾ?" ಎಂದ.

ಥರ್ಮೋಕೋಲ್ ಒಂದು ತುಂಡೂ ಇರಲಿಲ್ಲ. ಬ್ಯಾಟರಿಯನ್ನು ತಲೆಯಿಂದ ಕಾಲಿನವರೆಗೆ ಬಟ್ಟೆಯಲ್ಲಿ ಸುತ್ತಿತ್ತು. ಎರಡು ತಂತಿಗಳು ಮಾತ್ರ ಹೊರಗೆ. ಪದರದ ಮೇಲೆ ಪದರ, ಬಿಗಿಯಾಗಿ, ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸಿ, ಹಸುಗೂಸನ್ನು ಸುತ್ತುವ ಹಾಗೆ. ಮಾಸಿದ ಹಸಿರು, ಅಂಚಿನಲ್ಲಿ ಸಣ್ಣ ಕಡ್ಡಿ. ಅವ್ವಿಯ ಮೀನು ಬುಟ್ಟಿಯ ದಿನಗಳ ಸೀರೆ. ಅವನು ಬಿಡಿಸುತ್ತ ಹೋದ. ಒಂದು ಮೂಲೆಯಲ್ಲಿ ಗಂಟು ಹಾಕಿತ್ತು. ಗಂಟಿನಲ್ಲಿ ಒಂದು ಅರಿಶಿನದ ಕೊಂಬು.

"ಗಾಳಿ ಆಡದೆ ಇದು ಬೇಯ್ತಾ ಇತ್ತು ನೋಡಿ. ಕಾವಲು ಕಟ್ ಮಾಡ್ತಿತ್ತು. ಯಾರಿಗೆ ಬಂತು ಈ ಬುದ್ಧಿ? ಬಿಸಾಡ್ಲಾ?"

ನಾನು ಕೈ ಚಾಚಿದೆ. ಅವಳ ಸೀರೆಯ ಬಿಸಿ ಇನ್ನೂ ಆರಿರಲಿಲ್ಲ. ದಾರಿಯಲ್ಲಿ ಕುಲುಕುತ್ತದೆ, ಪಾಪ, ಎಂದಿದ್ದಳಲ್ಲ. ಮಗಳನ್ನು ಮನೆ ಮುಟ್ಟಿಸಬೇಕಾದ ಆ ಸಣ್ಣ ಜೀವಕ್ಕೆ ಪೆಟ್ಟಾಗದಿರಲಿ, ಗಾಳಿ ತಾಗದಿರಲಿ ಎಂದು ಸುತ್ತಿದ್ದಳು. ಅಷ್ಟು ವರ್ಷ ಆ ಸೀರೆಯ ನೆನಪಿಗೆ ಸುಟ್ಟುಕೊಂಡವಳು, ಜೋಪಾನ ಮಾಡಬೇಕು ಅನ್ನಿಸಿದಾಗ ಮತ್ತೆ ಸೀರೆಗೇ ಕೈ ಹಾಕಿದ್ದಳು. ಬೇರೆ ರೀತಿಯ ಜೋಪಾನ ಅವಳಿಗೆ ಗೊತ್ತಿರಲಿಲ್ಲ. ನಾನು ಸೀರೆಯಲ್ಲಿ ಮುಖ ಮುಚ್ಚಿಕೊಂಡು ಆ ಅಂಗಡಿಯಲ್ಲಿ, ಆಟೊದವರ ಎದುರು, ಕ್ರಿಯೆಯ ದಿನ ಅಳದಷ್ಟು ಅತ್ತೆ. ಬಾಯಿ ಜೋರಿನವನು ರಸ್ತೆ ದಾಟಿ ಹೋಗಿ ಚಾ ತಂದ. ಬಾಯಿಗಿಟ್ಟರೆ ಬರೀ ಸಕ್ಕರೆ.

ಪೆಟ್ಟಿಗೆಗೆ ಎರಡು ಕಡೆ ತೂತು ಕೊರೆದು, ಬ್ಯಾಟರಿಯನ್ನು ರಬ್ಬರ್ ಪಟ್ಟಿಯಲ್ಲಿ ಬಿಗಿದು, "ಇನ್ನು ನಿಲ್ಲೂದಿಲ್ಲ ಅಕ್ಕಾ, ನನ್ನ ಗ್ಯಾರಂಟಿ," ಎಂದ.

ಗ್ಯಾರಂಟಿ ನಿಜವಾಯಿತು. ಮರುದಿನ ಬಿಸಿಲು ಸುಡುತ್ತಿತ್ತು. ಸಂಜೆ ಕುರ್ಚಿ ಕಟ್ಟೆಯನ್ನು ದಾಟಿ ಒಂದೇ ದಮ್ಮಿನಲ್ಲಿ ಏರಿನ ತುದಿ ಮುಟ್ಟಿತು. ಅವ್ವಿಯ ವಾಸನೆ ಇಲ್ಲ. ಅವ್ವಿ ಬಾರದೆ ಈ ಏರು ಹತ್ತಬೇಕೆಂದು ವರ್ಷಗಟ್ಟಲೆ ಹಂಬಲಿಸಿದ್ದೆ. ಹತ್ತಿದ್ದೆ. ಆ ತುದಿಯಲ್ಲಿ ನಿಂತು ಹಿಂತಿರುಗಿ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಮುಂದಿನ ವರ್ಷ ಪಿತೃಪಕ್ಷದ ಅಮಾವಾಸ್ಯೆ ಬಂತು. ಭಟ್ಕಳದ ಅಮ್ಮನಿಗೆ ಶಾವಿಗೆ, ಸಕ್ಕರೆ ಚಾ. ಅವ್ವಿ ಪ್ರತಿ ವರ್ಷ ಇಡುತ್ತಿದ್ದ ಎಡೆ ಅದು, ತಪ್ಪಿಸುವಂತಿಲ್ಲ. ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಕೂತೆ. ಅವ್ವಿಗೆ ಎಂತ ಇಷ್ಟ? ಅವಳು ಯಾವಾಗಲೂ ಕೊನೆಗೆ ಉಣ್ಣುವವಳು, ಉಳಿದದ್ದನ್ನು ಉಣ್ಣುವವಳು. ಇದು ಬೇಕು ಎಂದದ್ದನ್ನು ನಾನು ಕೇಳಿಲ್ಲ. ಊರಿಗೆಲ್ಲ ಫೋನು ಹಚ್ಚಿಕೊಟ್ಟವಳು ನಾನು, ಇದನ್ನು ಯಾರಿಗೆ ಫೋನು ಮಾಡಿ ಕೇಳಲಿ? ಎಲೆಯ ಮುಂದೆ ಬಹಳ ಹೊತ್ತು ಕೂತ ಮೇಲೆ ಅವಳಿಗೆ ಇಷ್ಟವಾಗಿದ್ದದ್ದು ಒಂದು ನೆನಪಾಯಿತು. ಅದನ್ನು ಎಲೆಯ ಮೇಲೆ ಬಡಿಸಲಾಗುವುದಿಲ್ಲ.

ಆ ಸಂಜೆ ಸೀರೆಯನ್ನು ಹೆಗಲಿಗೆ ಹೊದ್ದು ಬಂದರಿನ ಕಡೆ ಹೋಗಿ ತಿರುಗಿ ಬಂದೆ. ಏರಿನ ನಡುವೆ, ಕಟ್ಟೆಯ ಹತ್ತಿರ, ಹಿಡಿಯಿಂದ ಕೈ ತೆಗೆದೆ. ಕುರ್ಚಿ ನಿಂತಿತು. ಹಸಿರು ದೀಪ ಉರಿಯುತ್ತಲೇ ಇತ್ತು.

"ಬ್ಯಾಟ್ರಿ ಹೋಯ್ತು ಅವ್ವಿ," ಎಂದೆ. "ಸ್ವಲ್ಪ ಹೊತ್ತು ಕೂತ್ಕ."